ನಮ್ಮಲ್ಲಿ ಬೇರೆ ಶಾಖೆಗಳಿಲ್ಲ

ಚಿಕ್ಕಪೇಟೆಯ ಹಳೇ ಸೀರೆ ಅಂಗಡಿ ಯಾವುದಕ್ಕೇ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಇವರು ಕೂತಿರುತ್ತಾರೆ. ಹೆಸರು ಯಾರಿಗೂ ಬೇಕಿಲ್ಲ. ಎಲ್ಲರಿಗೂ ‘ಯಜಮಾನರು’. ಹಿಂದಿನ ಗೋಡೆಯಲ್ಲಿ ಗಂಧದ ಹಾರ ಹಾಕಿಸಿಕೊಂಡ ತಾತ.

ಅಂಗಡಿಯ ಧ್ಯೇಯವೇನು ಎಂದು ಯಾರೂ ಕೇಳಬೇಕಿಲ್ಲ, ಗೋಡೆ ಓದಿದರೆ ಸಾಕು. ‘ಒಂದೇ ದರ’ ತಾತನ ಕಾಲದ್ದು. ಅದರ ಕೆಳಗೇ ಕೂತು ಯಜಮಾನರು ದಿನವಿಡೀ ಚೌಕಾಸಿ ಮಾಡುತ್ತಾರೆ. ‘ಸಾಲ ಕೇಳಿ ಸ್ನೇಹ ಕೆಡಿಸಬೇಡಿ’ ಎಂಬುದು ಸೋದರಮಾವ ಮಗಳ ಮದುವೆಯ ಜವಳಿ ಒಯ್ದು ಆ ಕಡೆ ತಲೆ ಹಾಕದೇ ಹೋದ ಮೇಲೆ ಬರೆಸಿದ್ದು. ‘ನಮ್ಮಲ್ಲಿ ಬೇರೆ ಶಾಖೆಗಳಿಲ್ಲ’ ಪಾಲಾದ ವರ್ಷದ್ದು, ಆದ್ದರಿಂದ ಕೆಂಪಕ್ಷರ. ಗೋಡೆಯಾಚೆ ಅಣ್ಣನ ಅಂಗಡಿ. ಅಲ್ಲಿಯೂ ಅದೇ ತಾತ, ಅದೇ ಹಾರ, ಅದೇ ಬೋರ್ಡು. ಮೇಲೊಂದು ‘ಒರಿಜಿನಲ್’ ಮಾತ್ರ ಹೆಚ್ಚು.

ಗೋಡೆಯ ಮೇಲೆ ಬರೆಯಲಾಗದ್ದನ್ನು ಯಜಮಾನರು ದೀಪಾವಳಿಯಲ್ಲಿ ಹೇಳುತ್ತಾರೆ. ಲೆಕ್ಕ ಮುಗಿಯುವುದು ಸರ್ಕಾರಕ್ಕೆ ಮಾರ್ಚ್ 31ಕ್ಕೆ; ಲಕ್ಷ್ಮಿಗೆ ಮಾತ್ರ ದೀಪಾವಳಿಗೇ. ಪೂಜೆ ಮುಗಿದ ಮೇಲೆ ಡಬ್ಬ ಹಂಚಿಕೆ. ಬ್ಯಾಂಕ್ ಮ್ಯಾನೇಜರಿಗೆ ಗೋಡಂಬಿ, ಬಾದಾಮಿ. ಸೂರತ್ ಪಾರ್ಟಿಗೆ ಬೆಳ್ಳಿ ಹಾಳೆಯ ಬರ್ಫಿ. ಮೂವತ್ತು ವರ್ಷದಿಂದ ಸೀರೆ ಮಡಚುತ್ತಿರುವ ಗುಮಾಸ್ತರಿಗೆ, ‘ನೀವು ನಮ್ಮ ಮನೆಯವರೇ’ ಎಂಬ ಮಾತಿನೊಂದಿಗೆ ಕಾಲು ಕೆ.ಜಿ. ಸೋನ್‌ಪಾಪ್ಡಿ. ಯಾರ ಜಾಗ ಎಲ್ಲಿ ಎನ್ನುವುದು ತಕ್ಕಡಿಯಲ್ಲಿಟ್ಟಷ್ಟು ಸ್ಪಷ್ಟ.

ಈಗ ಮಗ ಎಂಬಿಎ ಮುಗಿಸಿ ಬಂದಿದ್ದಾನೆ. ‘ಮೌಲ್ಯಗಳನ್ನು ಬರೆದು ತೂಗುಹಾಕಿದರೆ ಸಾಲದು, ಕಾಣಿಸಬೇಕು’ ಎನ್ನುತ್ತಾನೆ. 1924ರಲ್ಲಿ ಶುರುವಾದ ಎಂಟಿಆರ್‌ನವರು ಗಿರಾಕಿಗಳಿಗೆ ಅಡುಗೆಮನೆಯನ್ನೇ ತೋರಿಸಿ ಶುಚಿ ಎಂದರೇನು ಎಂದು ತಿಳಿಸಿದ ಉದಾಹರಣೆ ಕೊಟ್ಟ. ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಯಜಮಾನರಿಗೆ ಗಾಬರಿ. ‘ಅವರದು ಅಡುಗೆಮನೆ ಕಣೋ. ನಾನು ಗೋಡೌನ್ ತೆಗೆದು ತೋರಿಸಿದರೆ ಮೊದಲು ಒಳಗೆ ಬರೋನು ನಿಮ್ಮ ದೊಡ್ಡಪ್ಪನ ವಕೀಲ.’

ಕೊನೆಗೆ ರಾಜಿಯಾಯಿತು. ಮಗ ಚಿನ್ನದ ಅಂಚಿನ ಫ್ರೇಮು ಮಾಡಿಸುವುದು, ಒಕ್ಕಣೆಯನ್ನು ಅಪ್ಪ ನೋಡುವುದು. ‘ಪ್ರಾಮಾಣಿಕತೆ’ ಪಾಸಾಯಿತು, ಅದಕ್ಕೆ ಖರ್ಚಿಲ್ಲ. ‘ಪಾರದರ್ಶಕತೆ’ಯನ್ನು ಆಡಿಟರನ್ನು ಕೇಳಿ ಹೇಳುತ್ತೇನೆ ಎಂದರು. ‘ಗ್ರಾಹಕರೇ ನಮ್ಮ ಕುಟುಂಬ’ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದರು.

‘ಇದನ್ನ ಹೊಡೆದುಹಾಕು. ಕುಟುಂಬದೋರು ಕೋರ್ಟಿಗೆ ಎಳೀತಾರೆ. ಗಿರಾಕಿ ಅಂತಲೇ ಇರಲಿ, ದುಡ್ಡಾದರೂ ಕೊಟ್ಟು ಹೋಗ್ತಾರೆ.’