ಅಲ್ಪಧನ ಮಾನಿಟರ್ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಆರಂಭದಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಪೂರ್ವಿಕರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಕೃತ ಗ್ರಂಥದ ವಿಷಯ, ಮನೆಯಲ್ಲೇ ಹಾಡು ಮಿಕ್ಸ್ ಮಾಡುವವರು ಕೊಳ್ಳಬಹುದಾದ ಅಗ್ಗದ ಸ್ಟುಡಿಯೋ ಮಾನಿಟರ್ ಸ್ಪೀಕರು. ಪ್ರಯೋಜನ, ಪೈಸೆಯ ಉಳಿತಾಯ, ಮೋಕ್ಷಕ್ಕೆ ಗ್ಯಾರಂಟಿಯಿಲ್ಲ. ಸಂಬಂಧ, ಸ್ಪೀಕರಿಗೂ ಕಿವಿಗೂ ನಡುವೆ ಇರುವ ಮೂರ್ನಾಲ್ಕು ಅಡಿ ಗಾಳಿ. ಇನ್ನು ಅಧಿಕಾರಿ, ಅರ್ಥಾತ್ ಇದನ್ನು ಓದಲು ಅರ್ಹರು ಯಾರೆಂದರೆ: ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ಉಪ್ಪಳಗಳ ಆಸುಪಾಸಿನವರಾಗಿ, ಲ್ಯಾಪ್‌ಟಾಪ್ ಉಳ್ಳವರಾಗಿ, ಒಂದಾದರೂ ಭಕ್ತಿಗೀತೆಯ ಆಲ್ಬಂ ತೆಗೆದೇ ತೀರುತ್ತೇವೆಂದು ಹಟ ತೊಟ್ಟವರಾಗಿ, ಆದರೆ ಅಡಿಕೆ ಮಾರಿದ ದುಡ್ಡು ಮಾವನ ಕೈಯಲ್ಲೇ ಉಳಿದಿರುವವರು. ತೋಟ ಸ್ವಂತದ್ದಾದವರು ಇಲ್ಲಿಗೇ ನಿಲ್ಲಿಸಿ ದುಬಾರಿಯದನ್ನೇ ತರಿಸಿಕೊಳ್ಳಲಿ.

ಮೊದಲು ಲಕ್ಷಣ ನಿರೂಪಣೆ. ಮನೆಯ ಸ್ಪೀಕರು ಪ್ರಿಯವನ್ನು ನುಡಿಯುತ್ತದೆ, ಮಾನಿಟರು ಇದ್ದದ್ದನ್ನು ಇದ್ದ ಹಾಗೆ ನುಡಿಯುತ್ತದೆ. ಯಥಾರ್ಥವಾದಿ ಲೋಕವಿರೋಧಿ. ಹೊಸ ಮಾನಿಟರು ಬಂದ ದಿನ ಚಾವಡಿಗೆ ಬಂದ ನೆರೆಮನೆಯವರು ಐದು ನಿಮಿಷ ಕೇಳಿ, “ಎಂತದು ಮಾರಾಯ, ಇಷ್ಟು ಪೈಸೆ ಕೊಟ್ಟು ತಂದದ್ದು, ಗುಡುಗುಡು ಇಲ್ವಲ್ಲ?” ಎಂದರೆ, ತಂದದ್ದು ಅಸಲಿ ಮಾನಿಟರು ಎಂಬುದಕ್ಕೆ ಅದೇ ಆಪ್ತವಾಕ್ಯ ಪ್ರಮಾಣ.

ಇದಕ್ಕೆ ಚರಿತ್ರೆಯ ಆಧಾರವೂ ಉಂಟು. ಯಮಹಾ ಕಂಪೆನಿ 1978ರಲ್ಲಿ ಎನ್‌ಎಸ್ 10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಬಳಕೆಗೆಂದು ಹೊರತಂದಿತು. ಮನೆಯವರಿಗೆ ಅದು ಹಿಡಿಸಲಿಲ್ಲ. ಸ್ಟುಡಿಯೋ ಇಂಜಿನಿಯರುಗಳಿಗೆ ಹಿಡಿಸಿತು, ಏಕೆಂದರೆ ಇದರಲ್ಲಿ ಸಹಿಸಬಹುದಾದ ಹಾಡು ಬೇರೆಲ್ಲಿ ಹಾಕಿದರೂ ನಡೆಯುತ್ತದೆ ಎಂದು ಅವರು ಕಂಡುಕೊಂಡರು. ಅದರ ಟ್ವೀಟರು ಕಿವಿಗೆ ಚುಚ್ಚುತ್ತದೆಂದು ಮುಂದುಗಡೆ ಟಿಶ್ಯೂ ಕಾಗದ ಅಂಟಿಸಿದರು. ಯಾವ ಬಗೆಯ ಟಿಶ್ಯೂ, ಅದರಿಂದ ಎಷ್ಟು ವ್ಯತ್ಯಾಸ ಎಂದು ಉಪಕರಣವಿಟ್ಟು ಅಳೆದು ಲೇಖನ ಬರೆದವರೂ ಇದ್ದಾರೆ. ಅಣಕು ಪ್ರಬಂಧ ಬರೆಯುವವರ ಹೊಟ್ಟೆಗೆ ಹೊಡೆಯುವುದು ಇಂತಹ ಗಂಭೀರ ವಿದ್ವಾಂಸರೇ. 2001ರಲ್ಲಿ ಅದರ ತಯಾರಿಕೆ ನಿಂತಿತು. ಬಿಳಿ ಕೋನು ಮಾತ್ರ ಈಗಿನ ಎಚ್‌ಎಸ್ 5ರಲ್ಲಿ ಪುನರ್ಜನ್ಮ ಪಡೆದಿದೆ. ಎದುರಾಳಿಯಾಗಿ ಕೆಆರ್‌ಕೆಯವರ ಹಳದಿ ಕೋನಿನ ಪಂಥವಿದೆ. ಬಿಳಿಯೋ ಹಳದಿಯೋ ಎಂಬ ಜಿಜ್ಞಾಸೆಯಲ್ಲಿ ಯೌವನ ಕಳೆದವರ ಆಲ್ಬಂ ಇನ್ನೂ ಬಂದಿಲ್ಲ.

ಎರಡನೆಯದು ದ್ವೈತಾದ್ವೈತ ವಿಚಾರ. ಸ್ಟೀರಿಯೋ ದ್ವೈತ, ಮೋನೋ ಅದ್ವೈತ, ಟಿ.ವಿ. ಕೆಳಗೆ ಮಲಗುವ ಸೌಂಡ್‌ಬಾರ್ ವಿಶಿಷ್ಟಾದ್ವೈತ. ಸಾಧಕನು ದ್ವೈತದಿಂದಲೇ ಹೊರಡಬೇಕು: ಎರಡು ಸ್ಪೀಕರು ಮತ್ತು ತಲೆ ಸೇರಿ ಸಮಬಾಹು ತ್ರಿಕೋನ, ಟ್ವೀಟರು ಕಿವಿಯ ಎತ್ತರಕ್ಕೆ. ಆದರೆ ಹಾಡಿನ ಅಂತಿಮ ಗತಿ ಜಾತ್ರೆಗದ್ದೆಯ ಹಾರ್ನ್ ಮೈಕು ಅಥವಾ ಮಗ್ಗುಲಾಗಿ ಇಟ್ಟ ಮೊಬೈಲು. ಅಲ್ಲಿ ಎಡ ಬಲ ಎಂಬ ಭೇದವೆಲ್ಲ ಅಳಿದು ಒಂದೇ ಉಳಿಯುತ್ತದೆ. ಆದ್ದರಿಂದ ಮಿಕ್ಸನ್ನು ಆಗಾಗ ಮೋನೋ ಗುಂಡಿ ಒತ್ತಿ ಕೇಳತಕ್ಕದ್ದು. ಲೌಕಿಕ ಎಚ್ಚರಿಕೆ: ಪಟ್ಟಿಯಲ್ಲಿ ಕಾಣುವ ಬೆಲೆ ಒಂದಕ್ಕೋ ಜೋಡಿಗೋ ಎಂದು ಎರಡು ಸಲ ಓದಿ. ಕೆಲವನ್ನು ಬಿಡಿಯಾಗಿ ಮಾರುತ್ತಾರೆ. ಅರ್ಧ ದರಕ್ಕೆ ಸಿಕ್ಕಿತೆಂದು ಹಿಗ್ಗಿದವನ ಮನೆಗೆ ಅದ್ವೈತವೇ ಪಾರ್ಸೆಲಿನಲ್ಲಿ ಬರುತ್ತದೆ.

ಈಗ ಗ್ರಂಥದ ಹೃದಯಭಾಗ: ಕೋಣೆ. ಈ ಸೀಮೆಯ ಹೊಸ ಟೆರೇಸು ಮನೆಗಳಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ ಹೇಗೂ ಇರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 56 ಹರ್ಟ್ಸ್. ಅಗಲದಿಂದಲೂ ಅಷ್ಟೇ, ಎತ್ತರದಿಂದಲೂ ಅಷ್ಟೇ. ಮೂರು ಜೊತೆ ಗೋಡೆಗಳೂ ಒಂದೇ ಸ್ವರಕ್ಕೆ ಹಿಮ್ಮೇಳ ಹೊಡೆಯುತ್ತವೆ. ಬೇಸ್ ಗಿಟಾರು ಆ ಸ್ವರಕ್ಕೆ ಬಂದಾಗ ಗೋಡೆಗೆ ಒರಗಿ ಕುಳಿತ ಮಾವನಿಗೆ ಎದೆ ನಡುಗುತ್ತದೆ. ಕೋಣೆಯ ನಟ್ಟನಡುವೆ ಕುಳಿತ ಅಳಿಯನಿಗೆ ಆ ಸ್ವರವೇ ಕೇಳುವುದಿಲ್ಲ. ಮಾವ “ಜಾಸ್ತಿಯಾಯ್ತು” ಎನ್ನುತ್ತಾರೆ, ಅಳಿಯ “ಸಾಲದು” ಎಂದು ಇನ್ನಷ್ಟು ಏರಿಸುತ್ತಾನೆ. ಬಂಗ್ರಮಂಜೇಶ್ವರದ ಚತುರ್ಮುಖ ಬಸದಿಯ ಮುಂದೆ ನಿಂತು ಸ್ಯಾದ್ವಾದವನ್ನು ನೆನೆದವರಿಗೆ ಮಾತ್ರ ಇದು ಅರ್ಥವಾದೀತು: ಇಬ್ಬರೂ ಅವರವರ ಕುರ್ಚಿಯಿಂದ ಸರಿ. ಹಾಡು ಹಾಳಾಗುವುದು ಆಮೇಲೆ, ಆಟೋರಿಕ್ಷಾದಲ್ಲಿ ಹಾಕಿದಾಗ.

ಪೂರ್ವಪಕ್ಷ: ಕಂಪ್ಯೂಟರಿನಲ್ಲಿ ಈಕ್ವಲೈಸರ್ ಇದೆಯಲ್ಲ, ತಿದ್ದಿದರಾಯಿತು!

ಸಿದ್ಧಾಂತ: ತಿದ್ದುಪಡಿಗೂ ಒಂದು ಮಿತಿಯಿದೆ ಎಂದು ಇಡೀ ದೇಶಕ್ಕೆ ತಿಳಿಸಿಕೊಟ್ಟದ್ದೇ ನಮ್ಮ ಜಿಲ್ಲೆ. ಕೇರಳದ ಭೂಸುಧಾರಣೆಯ ವಿರುದ್ಧ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು, 7–6ರ ಬಹುಮತದಲ್ಲಿ, ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಸ್ವಾಮಿಗಳು ಸ್ವತಃ ಸಂಗೀತ, ಯಕ್ಷಗಾನಗಳ ಪ್ರಿಯರಾಗಿದ್ದರು. ಧ್ವನಿವಿಜ್ಞಾನಕ್ಕೆ ಈ ತೀರ್ಪು ಅಕ್ಷರಶಃ ಅನ್ವಯಿಸುತ್ತದೆ. ಉಬ್ಬಿದ್ದನ್ನು ಕತ್ತರಿಸುವುದು ಊರ್ಜಿತ: ಎಚ್‌ಎಸ್ 5ರ ಬೆನ್ನಿನಲ್ಲಿರುವ ರೂಂ ಕಂಟ್ರೋಲ್ ಸ್ವಿಚ್ಚಿನಿಂದ ಕೆಳಸ್ವರವನ್ನು 2 ಅಥವಾ 4 ಡೆಸಿಬೆಲ್ ತಗ್ಗಿಸಬಹುದು. ಆದರೆ ಗೋಡೆಯಿಂದ ಮರಳಿದ ಅಲೆ ಎದುರಿನ ಅಲೆಯನ್ನು ನುಂಗಿ ಉಂಟಾದ ಹೊಂಡವನ್ನು ತುಂಬಿಸಲು ಹೊರಟರೆ, ಹಾಕಿದಷ್ಟನ್ನೂ ಗೋಡೆ ನುಂಗುತ್ತದೆ. ಆ ತಿದ್ದುಪಡಿ ಅಸಿಂಧು. ಕುರ್ಚಿಯನ್ನೇ ಸರಿಸಬೇಕು. ಮುಂಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರ, ನಮ್ಮ ಕೋಣೆಯಲ್ಲಿ ನಾಲ್ಕು ಅಡಿಗೆ ತುಸು ಕಡಮೆ, ಆರಂಭಕ್ಕೆ ಒಳ್ಳೆಯ ಜಾಗ.

ಮೊಟ್ಟೆಯ ಟ್ರೇ ಹೊಡೆಯುವವರ ಬಗ್ಗೆ ಎರಡೇ ಮಾತು. ಅದರಿಂದ ಬೇಸ್ ನಿಲ್ಲುವುದಿಲ್ಲ, ಮಡಿ ಮನೆಯಲ್ಲಿ ಅಜ್ಜಿಯ ಬಾಯಿಯೂ ನಿಲ್ಲುವುದಿಲ್ಲ. ಹಳೆಯ ಹತ್ತಿ ಹಾಸಿಗೆಯೇ ವಾಸಿ: ಕುರ್ಚಿಯಲ್ಲಿ ಕುಳಿತು, ಅಕ್ಕಪಕ್ಕದ ಗೋಡೆಯ ಮೇಲೆ ಇನ್ನೊಬ್ಬರು ಕನ್ನಡಿ ಸರಿಸುತ್ತ ಹೋದಾಗ ಎಲ್ಲಿ ಸ್ಪೀಕರು ಕಾಣುತ್ತದೋ ಅಲ್ಲಿ ನಿಲ್ಲಿಸಿ. ಮೂಲೆಯಲ್ಲಿ ಪೇರಿಸಿಟ್ಟ ಚಾಲಿ ಅಡಿಕೆಯ ಗೋಣಿಗಳೂ ಮೇಲ್ಸ್ವರವನ್ನು ಚದುರಿಸಿ ಉಪಕಾರ ಮಾಡುತ್ತವೆ. ಧಾರಣೆ ಏರಿದ ವಾರ ಮಾತ್ರ ಕೋಣೆಯ ನಾದವೇ ಬದಲಾಗುತ್ತದೆ.

ಸ್ಪೀಕರಿನ ಕೋನಿನ ಅಳತೆಯ ವಿಚಾರ ಇಷ್ಟರಲ್ಲೇ ಇತ್ಯರ್ಥವಾಗುತ್ತದೆ. ಮೂರೂವರೆ ಇಂಚಿನದು 80 ಹರ್ಟ್ಸಿನ ಸುಮಾರಿಗೆ ಕೈಚೆಲ್ಲುತ್ತದೆ. ಐದಿಂಚಿನ ಎಚ್‌ಎಸ್ 5 ತಾನು 54ರವರೆಗೆ ಇಳಿಯುತ್ತೇನೆ ಎನ್ನುತ್ತದೆ, ಅದೂ 10 ಡೆಸಿಬೆಲ್ ಕುಗ್ಗಿದ ಮೇಲೆ. ಹತ್ತಡಿ ಕೋಣೆಗೆ ಎಂಟಿಂಚಿನದನ್ನು ತರುವುದೆಂದರೆ ಆ 56 ಹರ್ಟ್ಸಿನ ಭೂತಕ್ಕೆ ಕೋಲ ಕೊಟ್ಟಂತೆ.

ಬೆನ್ನಿನ ತೂತಿನ ಬಗ್ಗೆ ಒಂದು ಉಪಪ್ರಕರಣ ಅಗತ್ಯ. ಕೆಳಸ್ವರ ಹೊರಡುವ ಆ ನಳಿಗೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಲು ವಾರದ ಪುರುಸೊತ್ತು ಸಾಕು. ಮೆತ್ತಗಿನ ಜೇಡಿಯನ್ನು ಉಂಡೆ ಉಂಡೆಯಾಗಿ ತಂದು ಮೆತ್ತುತ್ತದೆ. ಹೊರಗಿಂದ ಏನೂ ಕಾಣದು, ಎಡದ ಸ್ಪೀಕರಿನ ಬೇಸ್ ಮಾತ್ರ ದಿನೇ ದಿನೇ ಸೊರಗುತ್ತದೆ. ಉಪಯೋಗವಿಲ್ಲದಾಗ ಬಟ್ಟೆ ಹೊದಿಸಿ. ಗುಡುಗು ಸಿಡಿಲಿನ ಕಾಲದಲ್ಲಿ ಪ್ಲಗ್ಗು ಕಳಚಿಡಿ.

ಅಂಗಡಿ ಪರೀಕ್ಷೆಗೆ ಮಂಗಳೂರಿಗೆ ಹೋಗುವವರು ತೆಂಕುತಿಟ್ಟಿನ ಒಂದು ಒಳ್ಳೆಯ ಧ್ವನಿಮುದ್ರಣ ಒಯ್ಯಲಿ. ಚಕ್ರತಾಳ ಭಾಗವತರ ಪದ್ಯದ ಅಕ್ಷರ ನುಂಗಿದರೆ ಟ್ವೀಟರು ಅತಿಯಾಯಿತು. ಚೆಂಡೆ ಬಿದ್ದಾಗ ಮದ್ದಳೆ ಮಾಯವಾದರೆ ನಡುಸ್ವರ ಸಾಲದು. ಜೋಡಿಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮವಿರಲಿ. ಸದ್ದು ತಗ್ಗಿದಾಗ ಕಿವಿಗೆ ಕೆಳಸ್ವರ ಮೇಲ್ಸ್ವರಗಳು ಹೆಚ್ಚು ಕುಗ್ಗಿ ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಜೋರಾಗಿ ಹಾಕಿದ್ದೇ ಚೆಂದ ಎಂದು ತೋರುವುದು ಅದಕ್ಕೇ. ಮಾರುವವರಿಗೆ ಇದು ಫ್ಲೆಚರನನ್ನು ಓದದೆಯೂ ಗೊತ್ತು.

ನಿರ್ಣಯ: ಹತ್ತಡಿ ಕೋಣೆಯವರು ಐದಿಂಚಿನ ಜೋಡಿ ಕೊಳ್ಳಿ, ಅಷ್ಟು ಕೈಸಾಗದಿದ್ದರೆ ಮೂರೂವರೆಯದು ಮತ್ತು ಒಂದು ಒಳ್ಳೆಯ ಹೆಡ್‌ಫೋನು. ಮಳೆಗಾಲದಲ್ಲಿ ಶೀಟಿನ ಮಾಡಿನಡಿ ಹೆಡ್‌ಫೋನು ಬಿಟ್ಟು ಬೇರೆ ಗತಿಯಿಲ್ಲ. ಉಳಿದ ದುಡ್ಡನ್ನು ಹಾಸಿಗೆಗೆ ಹಾಕಿ. ಮಿಕ್ಸನ್ನು ಮಾವ ಅಡಿಕೆ ಮಾರುವ ಮೊದಲೇ ಮುಗಿಸಿ.