ಅರ್ಧ ಮಾತ್ರೆ ರಾಯರು

ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಸವೆದು, ಐವತ್ತೆಂಟಕ್ಕೆ ಮನೆಗೆ ಬಂದ ಇಂಥ ಒಬ್ಬ ರಾಯರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಬಟ್ಟೆ ಚೀಲ. ಅವರು ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಮೆಡಿಕಲ್ ಸ್ಟೋರಿನ ಮಾಲೀಕರು ಕೆಲಸದ ಹುಡುಗನನ್ನು ಮುಂದೆ ತಳ್ಳಿ ತಾವು ಫೋನಿಗೆ ಕಿವಿ ಕೊಡುತ್ತಾರೆ.

ಕಾರಣವಿಲ್ಲದೆ ಅಲ್ಲ. ರಾಯರು ಔಷಧದ ಕಂಪನಿ ಹೆಸರು ಹೇಳುವುದಿಲ್ಲ. ‘ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಅಟೊರ್ವಾಸ್ಟಾಟಿನ್’ ಎಂದು ವಿಷ್ಣು ಸಹಸ್ರನಾಮದ ಓಘದಲ್ಲಿ ಒಪ್ಪಿಸಿ, ‘ಇವುಗಳಲ್ಲಿ ಅಗ್ಗದ್ದು ಯಾವುದಿದೆ ತೋರಿಸಪ್ಪ’ ಎನ್ನುತ್ತಾರೆ. ಹುಡುಗ ಪೂರ್ತಿ ಸ್ಟ್ರಿಪ್ ಮುಂದಿಟ್ಟರೆ ಆರು ಮಾತ್ರೆ ಕತ್ತರಿಸಿ ಕೊಡು ಅನ್ನುತ್ತಾರೆ. ಕತ್ತರಿಸಿದರೆ ಎಕ್ಸ್‌ಪೈರಿ ದಿನಾಂಕ ಇರುವ ತುದಿಯೇ ನನಗೆ ಬೇಕು ಅನ್ನುತ್ತಾರೆ.

ಬೀದಿಯವರು ಅವರನ್ನು ‘ಅರ್ಧ ಮಾತ್ರೆ’ ಎಂದು ಕರೆಯುವುದು ಬೇರೆ ಕಾರಣಕ್ಕೆ. ನಲವತ್ತು ಮಿಲಿಗ್ರಾಮಿನ ಎರಡು ಬಿ.ಪಿ. ಮಾತ್ರೆಗಿಂತ ಎಂಬತ್ತರ ಒಂದು ಮಾತ್ರೆ ಅಗ್ಗ ಎಂಬುದನ್ನು ಅವರು ಬಿಲ್ಲು ಹೋಲಿಸಿ ಕಂಡುಕೊಂಡಿದ್ದಾರೆ. ಹಾಗಾಗಿ ಬೆಳಿಗ್ಗೆ ಕಾಫಿಗೆ ಮುಂಚೆ ಸ್ಟೀಲ್ ಡಬ್ಬಿಯ ಮುಚ್ಚಳ ಮಗುಚಿಟ್ಟು, ಕನ್ನಡಕ ಮೇಲೇರಿಸಿ, ಶೇವಿಂಗ್ ಬ್ಲೇಡಿನಿಂದ ಮಾತ್ರೆಯನ್ನು ಸರಿಯಾಗಿ ಎರಡು ಹೋಳು ಮಾಡುತ್ತಾರೆ. ಮಿಲಿಮೀಟರಿನ ನೂರನೇ ಒಂದು ಪಾಲು ಹೆಚ್ಚುಕಮ್ಮಿಯಾದರೂ ಸೂಪರ್‌ವೈಸರ್ ಕೈಲಿ ಬೈಸಿಕೊಂಡ ಕೈ ಅದು, ತಪ್ಪುವುದಿಲ್ಲ. ಮುಚ್ಚಳದ ಮೇಲೆ ಉದುರಿದ ಪುಡಿಯನ್ನೂ ಬೆರಳಿಗೆ ಒತ್ತಿಕೊಂಡು ನಾಲಿಗೆಗೆ ಇಡುತ್ತಾರೆ. ಒಮ್ಮೆ ನಿಧಾನವಾಗಿ ಕರಗುವ ಸಕ್ಕರೆ ಕಾಯಿಲೆ ಮಾತ್ರೆಯನ್ನೂ ಹೀಗೇ ಸೀಳಿ ಡಾಕ್ಟರ ಕೈಲಿ ಚೆನ್ನಾಗಿ ಉಗಿಸಿಕೊಂಡರು. ಅಂಥ ಮಾತ್ರೆ ಮುರಿದರೆ ಇಡೀ ದಿನದ ಔಷಧ ಒಟ್ಟಿಗೇ ಮೈಗೆ ಇಳಿಯುತ್ತದಂತೆ. ‘ಹಾಗಿದ್ದರೆ ಸ್ಟ್ರಿಪ್ ಮೇಲೆ ದೊಡ್ಡದಾಗಿ ಬರೀಬೇಕು’ ಎಂದು ಡಾಕ್ಟರಿಗೇ ತಿರುಗಿ ಹೇಳಿ ಬಂದರು.

ಜಿಪುಣ ಎನ್ನುವವರು ಅವರ ಪಾಸ್‌ಬುಕ್ ನೋಡಿಲ್ಲ. ಪಿ.ಎಫ್. ಕಚೇರಿಯ ಪಿಂಚಣಿ ಮೂರು ಸಾವಿರ ಚಿಲ್ಲರೆ. ಅದಕ್ಕೆ ತುಟ್ಟಿಭತ್ಯೆ ಎಂಬುದಿಲ್ಲ. ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನಿಗದಿ ಮಾಡಿದ್ದು 2014ರಲ್ಲಿ. ಹಾಲು ಅಷ್ಟು ತಾಳ್ಮೆಯದಲ್ಲ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ಹಾಲು ಬಂತು, ಜೊತೆಗೆ ಎರಡು ರೂಪಾಯಿ ಬೆಲೆಯೂ ಏರಿತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ಆ ಐವತ್ತು ಮಿ.ಲೀ. ವಾಪಸು ಹೋಯಿತು. ‘ಕೊಟ್ಟಿದ್ದನ್ನ ಕಿತ್ಕೊಂಡು, ಮೇಲೆ ದುಡ್ಡೂ ಕೇಳೋದನ್ನ ಇಲ್ಲೇ ನೋಡಿದ್ದು’ ಎಂದು ಹಾಲಿನ ಬೂತಿನ ಮುಂದೆ ವಾರವಿಡೀ ಭಾಷಣ ಮಾಡಿದರು.

ವಿಮೆಯ ವಿಷಯ ಎತ್ತಿದರೆ ಎದುರಿದ್ದವರು ಕುರ್ಚಿ ಹುಡುಕಿಕೊಳ್ಳುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18 ಜಿ.ಎಸ್.ಟಿ. ಹೋಯಿತು ಎಂದು ಕೇಳಿದ ದಿನ ಮನೆಯಲ್ಲಿ ಶಾವಿಗೆ ಪಾಯಸ. ರಿನ್ಯೂವಲ್ ನೋಟೀಸು ಬಂದಾಗ ಗೊತ್ತಾಯಿತು, ರಾಯರ ವಯಸ್ಸು ಮುಂದಿನ ಮೆಟ್ಟಿಲಿಗೆ ಏರಿದೆ, ಕಂತೂ ಜೊತೆಯಲ್ಲೇ ಏರಿದೆ. ಹರ್ನಿಯಾ ಆಪರೇಷನ್ನಿನ ಬಿಲ್ಲಂತೂ ಅವರಿಗೆ ಬಾಯಿಪಾಠ. ಗ್ಲೌಸು, ಹತ್ತಿ, ಮಾಸ್ಕು ಯಾವುದಕ್ಕೂ ಕಂಪನಿ ಕಾಸು ಬಿಚ್ಚಲಿಲ್ಲ. ರೂಮ್ ಬಾಡಿಗೆ ಮಿತಿ ದಾಟಿತ್ತೆಂದು ಡಾಕ್ಟರ ಫೀಸಿಗೂ ಅದೇ ಲೆಕ್ಕದಲ್ಲಿ ಕತ್ತರಿ ಬಿತ್ತು. ‘ಬರಿಗೈಯಲ್ಲಿ ಆಪರೇಷನ್ ಮಾಡಿದ್ರೆ ಕ್ಲೈಮ್ ಪೂರ್ತಿ ಬರ್ತಿತ್ತೇನ್ರೀ?’ ಎಂದು ಅವರು ಕಾಲ್ ಸೆಂಟರಿನ ಹುಡುಗಿಯನ್ನು ಕೇಳಿದ್ದು ನಿಜ.

ಸರ್ಕಾರದ ಆರೋಗ್ಯ ಕಾರ್ಡೂ ಇದೆ. ಆದರೆ ರೇಷನ್ ಕಾರ್ಡು ಎ.ಪಿ.ಎಲ್. ಆದ್ದರಿಂದ ಪ್ಯಾಕೇಜ್ ದರದಲ್ಲಿ ಸರ್ಕಾರದ್ದು ಶೇ. 30, ರಾಯರದ್ದು 70. ಮನೆಗೆ ತಾರಸಿ ಹಾಕಿಸಿದ್ದೇ ತಪ್ಪಾಯಿತು ಎಂಬುದು ಅವರ ವಾದ.

ಹೀಗೆಲ್ಲ ಇರುವಾಗ ಜನೌಷಧಿ ಕೇಂದ್ರವೇ ಅವರ ಪಾಲಿಗೆ ಕಾಶಿ. ಬ್ರ್ಯಾಂಡಿನ ಮಾತ್ರೆಗಿಂತ ಶೇ. 50ರಿಂದ 80ರಷ್ಟು ಕಡಿಮೆ ಬೆಲೆ. ಆದರೆ ಇವರಿಗೆ ಹತ್ತಿರದ ಕೇಂದ್ರಕ್ಕೆ ಬಸ್ಸಿನಲ್ಲೇ ಹೋಗಬೇಕು, 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿದೆ. ಹೋಗಿಬರುವ ಚಾರ್ಜನ್ನು ಉಳಿತಾಯದಿಂದ ಕಳೆದು ನೋಡಿ ರಾಯರಿಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಹೊಳೆಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ!

ಅಂದಿನಿಂದ ಔಷಧ ತರುವ ಖಾತೆ ಹೆಂಡತಿಯದು. ಅವರು ಹತ್ತಕ್ಕೆ ಚೀಟಿ ಹಿಡಿದು ಹೊರಟರೆ ದಾರಿಯಲ್ಲಿ ರಾಘವೇಂದ್ರ ಸ್ವಾಮಿ ಮಠ, ಅಲ್ಲಿಂದ ಅಕ್ಕನ ಮನೆ, ಊಟ, ಒಂದು ಸಣ್ಣ ನಿದ್ದೆ. ಮನೆ ಸೇರುವಾಗ ನಾಲ್ಕೂವರೆ. ಮೊನ್ನೆ ಬಾಗಿಲಲ್ಲೇ ಕಾದಿದ್ದ ರಾಯರು ಚೀಲ ಇಣುಕಿ ನೋಡಿದರೆ ಅಕ್ಕ ಕೊಟ್ಟ ಸಾರಿನ ಪುಡಿ ಮಾತ್ರ ಇತ್ತು.

‘ಮಾತ್ರೆ ಎಲ್ಲೇ?’

‘ಸ್ಟಾಕ್ ಇಲ್ವಂತೆ, ಮಂಗಳವಾರ ಬರುತ್ತಂತೆ. ಇನ್ನೊಂದ್ಸಲ ಹೋಗಿ ಬರ್ತೀನಿ ಬಿಡಿ, ನಂಗೇನು ಖರ್ಚಾ?’