ಆರಾಮಿಲ್ಲೇನ್ರಿ?

ನಮ್ಮ ಬೆಳ್ಳಟ್ಟಿಯಲ್ಲಿ ಯಾರು ಎದುರಾದರೂ ಮೊದಲ ಮಾತು ‘ಆರಾಮ್ರಿ?’ ಉತ್ತರವೂ ‘ಆರಾಮ್ರಿ’. ಪ್ರಶ್ನೆಗೂ ಉತ್ತರಕ್ಕೂ ಒಂದೇ ಶಬ್ದ ಸಾಕಾಗುವುದರಿಂದ ಹೊಲಕ್ಕೆ ಹೊರಟವನು ಬಂಡಿ ನಿಲ್ಲಿಸದೆ, ಹಲ್ಲು ತಿಕ್ಕುವವನು ಬಾಯಿಂದ ಬೇವಿನಕಡ್ಡಿ ತೆಗೆಯದೆ ಈ ವ್ಯವಹಾರ ಮುಗಿಸುತ್ತಾರೆ. ಸೊಸೈಟಿಯ ಕಂತು ತುಂಬದವನೂ ಆರಾಮ, ಉಳ್ಳಾಗಡ್ಡಿ ದರ ಬಿದ್ದು ಕಣ್ಣೊರೆಸಿಕೊಳ್ಳುವವನೂ ಆರಾಮ. ಆದರೆ ಇದೇ ಶಬ್ದಕ್ಕೆ ಒಂದು ‘ಇಲ್ಲ’ ಸೇರಿತೋ, ಕತೆ ಬೇರೆ. ‘ಆರಾಮಿಲ್ಲ’ ಎಂದರೆ ನಮ್ಮ ಕಡೆ ಬಿಡುವಿಲ್ಲ ಎಂದಲ್ಲ, ಜಡ್ಡು ಎಂದರ್ಥ. ಈ ವ್ಯಾಕರಣ ಹುಟ್ಟಿದಾಗಿನಿಂದ ಗೊತ್ತಿದ್ದೂ ನಾನು ಬಾಯಿ ಜಾರಿದೆ.

ನಾನು ನಿವೃತ್ತ ಸಮಾಜ ವಿಜ್ಞಾನ ಮಾಸ್ತರ. ಮೂವತ್ತೆರಡು ವರ್ಷ ‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ’ ಎಂದು ಹುಡುಗರ ಕಡೆ ಉರು ಹೊಡೆಸಿದವನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅಷ್ಟು ನೀರು ಎಲ್ಲಿಂದ ತರ್ತಾರ್ರಿ ಸರ? ಟ್ಯಾಂಕರ್‌ಲೇನ್ರಿ?” ಎಂದು ಕೇಳಿದ್ದ. ಬ್ಯಾಸಗಿಯಲ್ಲಿ ಕೊಡ ಹಿಡಿದು ಸರದಿ ನಿಂತ ಮಕ್ಕಳಿಗೆ ಅದು ನ್ಯಾಯವಾದ ಸಂಶಯವೇ. ನಾನು ನಕ್ಕು ಕೂರಿಸಿದ್ದೆ. ಈ ಸಂಗತಿಯನ್ನು ಈಚೆಗೆ ಊಟದ ಹೊತ್ತಿನಲ್ಲಿ ನಮ್ಮಾಕಿಗೆ ಹೇಳಿ ನಗಬೇಕೆಂದಿದ್ದೆ. ಆಕೆ ನಗಲಿಲ್ಲ.

“ಮೂವತ್ತೆರಡು ವರ್ಷ ದ್ವೀಪ, ದ್ವೀಪ ಅಂದ್ರಲ್ಲ, ನೀವು ಒಂದರ ನೋಡೀರೇನು?”

ರೊಟ್ಟಿ ಗಂಟಲಲ್ಲಿ ನಿಂತಿತು. ನಾನು ನೋಡಿದ ದ್ವೀಪಗಳೆಲ್ಲ ಶಾಲೆಯ ಗೋಡೆಯ ನಕಾಶೆಯಲ್ಲಿದ್ದವು. ಅವುಗಳಲ್ಲಿ ಒಂದೆರಡು, ಆಮೇಲೆ ತಿಳಿದಂತೆ, ಜಿರಲೆ ತಿಂದ ತೂತುಗಳು.

ಹೀಗೆ ನಮ್ಮ ಪ್ರವಾಸ ನಿಶ್ಚಯವಾಯಿತು. ಬೆಂಗಳೂರಿನ ಮಗ ಫೋನಿನಲ್ಲಿ ಮಾಲ್ಡೀವ್ಸ್ ಎಂದ, ಲಕ್ಷದ್ವೀಪ ಎಂದ. “ವಿಮಾನದಾಗ ರೊಟ್ಟಿ ಗಂಟು ಒಯ್ಯಾಕ ಬಿಡ್ತಾರೇನು?” ಎಂದು ನಮ್ಮಾಕಿ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಕಡೆಗೆ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ ಎಂದಾಯಿತು. ಎಳ್ಳ ಅಮವಾಸಿಯ ಚರಗ ಚೆಲ್ಲಿ ಹೊರಡುವುದು, ಒಂಬತ್ತು ದಿನ ಇದ್ದು ಬರುವುದು. ಮದುವೆಯಾದ ಹೊಸತರಲ್ಲಿ ಹೋಗಬೇಕಾಗಿದ್ದ ಪ್ರಯಾಣ ಇದು. ಆಗ ಒಮ್ಮೆ ಶೇಂಗಾ ಕೀಳುವುದಿತ್ತು, ಒಮ್ಮೆ ಜನಗಣತಿ ಡ್ಯೂಟಿ ಇತ್ತು.

ಮರುದಿನ ಚಹಾದಂಗಡಿಯಲ್ಲಿ ಒಬ್ಬರು, “ಎಲ್ಲಿಗೋ ಹೊಂಟೀರಂತಲ್ಲ ಸರ?” ಎಂದರು. “ಮಲ್ಪೆ ಕಡೆ. ಒಂಬತ್ತು ದಿನ. ಸ್ವಲ್ಪ ಆರಾಮಾಗಾಕ” ಎಂದೆ. ಬಾಯಿ ಜಾರಿದ್ದು ಇಲ್ಲಿಯೇ.

ಆರಾಮಾಗಲು ಹೋಗುತ್ತಾರೆಂದರೆ ಈಗ ಆರಾಮಿಲ್ಲ ಎಂದಾಯಿತು. ಇನ್ನು ಮಲ್ಪೆ. ನಮ್ಮ ಸೀಮೆಯವರು ಉಡುಪಿ ದಿಕ್ಕಿಗೆ ಹೋಗುವುದಕ್ಕೆ ಎರಡೇ ಕಾರಣ. ಒಂದು ಕೃಷ್ಣ, ಇನ್ನೊಂದು ಮಣಿಪಾಲದ ಆಸ್ಪತ್ರೆ. ಕೃಷ್ಣನ ಕಡೆ ಹೋದವರು ಒಂಬತ್ತು ದಿನ ಉಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಮಲ್ಪೆ ಮಣಿಪಾಲವಾಗಿತ್ತು, ದೀಪ ಹಚ್ಚುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಬ್ರೆಡ್ಡು, ಬಾಳೆಹಣ್ಣು, ಎರಡು ಎಳನೀರು ಬಂದು ಕೂತಿದ್ದವು.

“ಬಾಳ ಇಳದೀರಿ ಸರ” ಎಂದರು ಒಬ್ಬರು. ಆ ತಿಂಗಳು ನನ್ನ ತೂಕ ಎರಡು ಕೆಜಿ ಏರಿತ್ತು. ಹೆಣ್ಣುಮಕ್ಕಳು ಒಳಗೆ ನಮ್ಮಾಕಿಯ ಕೈ ಹಿಡಿದು “ಯಾವ ಭಾಗಾಗ ಐತಿ?” ಎಂದು ಮೆತ್ತಗೆ ಕೇಳುತ್ತಿದ್ದರು. “ಸಮುದ್ರದಾಗ” ಎಂದರೆ, ಪಾಪ, ದುಃಖಕ್ಕೆ ಏನೇನೋ ಮಾತಾಡುತ್ತಾಳೆ ಎಂದು ಇನ್ನಷ್ಟು ಕರಗಿದರು. ನಾಲ್ಕು ವರ್ಷದ ಹಿಂದೆ ಕೈಗಡ ಒಯ್ದ ಮಹಾಶಯನೊಬ್ಬ ಬಂದು ಎರಡು ಸಾವಿರ ರೂಪಾಯಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿ, “ಋಣ ಉಳೀಬಾರದ್ರಿ” ಎಂದ. ಯಾರ ಮೇಲೆ ಉಳಿಯಬಾರದೋ, ಹೇಳಲಿಲ್ಲ. ಅವನು ಹೋದ ಮೇಲೆ ನಮ್ಮಾಕಿ ಲೆಕ್ಕ ಹಾಕಿ, “ಒಂದು ವಾರ ತಡೆದು ಹೋಗೂಣ್ರಿ. ಇನ್ನೂ ಮೂರು ಮಂದಿ ಕೊಡೂದೈತಿ” ಎಂದಳು.

ಓಣಿಯ ತುದಿಮನೆಯ ಆಯಿ ಮಾತ್ರ ಅಳಲಿಲ್ಲ. ಎರಡೂ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಬಂದು, “ಹೊಂಟ ಮ್ಯಾಲ ಹೊಂಟಿ ಮಾಸ್ತರ, ಮೊಣಕಾಲಿಗೆ ಅಲ್ಲಿ ಏನ್ ಮಾಡ್ತಾರ ಕೇಳ್ಕೊಂಡ ಬಾ” ಎಂದಳು.

ನಮ್ಮ ಹಳೆಯ ಮಾರುತಿ 800ರ ಡಿಕ್ಕಿಯಲ್ಲಿ ಅರವತ್ತು ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇರೆ, ಶೇಂಗಾ, ಗುರೆಳ್ಳು, ಅಗಸಿ ಮೂರೂ ಚಟ್ನಿಪುಡಿ, ಒಂದು ಡಬ್ಬಿ ಕೆಂಪು ಖಾರ, ಕುಕ್ಕರು, ಹಾಸಿಗೆ ಸುರುಳಿ, ಶುದ್ಧ ನೀರಿನ ಘಟಕದಿಂದ ತುಂಬಿಸಿದ ಇಪ್ಪತ್ತು ಲೀಟರ್ ಕ್ಯಾನು. “ಸಮುದ್ರಕ್ಕ ಹೋಗೂವಾಗ ನೀರ್ಯಾಕ?” ಎಂದೆ. “ಅದನ್ನ ಕುಡಿಯಾಕ ಬರ್ತೈತೇನು?” ಎಂದಳು. ಭೂಗೋಳ ನಾನು ಕಲಿಸಿದ್ದೇನೆ, ಸರಿ. ಬದುಕಿನಲ್ಲಿ ಪಾಸಾಗುವವಳು ಆಕೆ.

ಲಕ್ಷ್ಮೇಶ್ವರ ದಾಟಿ ಶಿಗ್ಗಾವಿ, ಬಂಕಾಪುರ. ಬಾಡದ ಬೋರ್ಡು ಕಂಡಾಗ ನನ್ನೊಳಗಿನ ಮಾಸ್ತರ ಎದ್ದ. “ಇದು ಕನಕದಾಸರ ಊರು. ಐದುನೂರು ವರ್ಷದ ಹಿಂದ ಉಡುಪಿಗೆ ಹೋದರು. ಕೃಷ್ಣ ಹಿಂದಕ್ಕ ತಿರುಗಿ ಕಿಂಡಿಯೊಳಗಿಂದ ದರ್ಶನ ಕೊಟ್ಟ ಅಂತ ಕತಿ” ಎಂದೆ.

“ಒಬ್ಬರ ಹೋಗಿದ್ರೇನು?”

“ಹೌದು.”

“ಅದಕ್ಕ ಕಿಂಡಿ. ಹೆಂಡ್ತೀನ್ನ ಕರಕೊಂಡು ಹೋಗಿದ್ರ ಬಾಗಿಲಾನ ತಗಸ್ತಿದ್ಲು.”

ಮುಂಡಗೋಡ, ಶಿರಸಿ. ಮಾರಿಕಾಂಬೆಗೆ ಕೈ ಮುಗಿದು ದೇವಿಮನೆ ಘಟ್ಟ ಇಳಿದೆವು. ಬಯಲುಸೀಮೆಯ ಡ್ರೈವರಿಗೆ ರಸ್ತೆ ಎಂದರೆ ಮುಂದೆ ಕಾಣುವ ವಸ್ತು. ಘಟ್ಟದಲ್ಲಿ ರಸ್ತೆ ಇರುತ್ತದೆ ಎಂದು ನಂಬಿ ತಿರುಗಬೇಕು. ನಾನು ಸ್ಟೇರಿಂಗ್ ತಿರುಗಿಸಿದ್ದಕ್ಕಿಂತ ಹೆಚ್ಚು ಸಲ ನಮ್ಮಾಕಿ ತಾಳಿ ಕಣ್ಣಿಗೊತ್ತಿಕೊಂಡಳು.

ಕುಮಟೆಯಲ್ಲಿ ಮೊದಲ ಸಲ ಸಮುದ್ರ ಕಂಡಿತು. ಒಂದು ಕಡೆ ನೀರು. “ಇನ್ನು ಮೂರು ಕಡೆ ಬಾಕಿ” ಎಂದೆ. ಮುರುಡೇಶ್ವರದ ಕಂದುಕಗಿರಿಗೆ ಮೂರು ಕಡೆ ನೀರು. 123 ಅಡಿ ಎತ್ತರದ ಶಿವನ ನೆರಳಲ್ಲಿ ನಿಂತು, “ಮೂರು ಕಡೆ ನೀರಿದ್ದರ ಅದು ಪರ್ಯಾಯ ದ್ವೀಪ” ಎಂದು ಪಾಠ ಮುಂದುವರಿಸಿದೆ. ಮರವಂತೆಗೆ ಬಂದರೆ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಎಷ್ಟು ಚೆಂದ! ನಮ್ಮಾಕಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. “ಮೂರಿದ್ದದ್ದು ಎರಡಾತಲ್ರಿ. ಮುಂದ ಹೋದಂಗ ನೀರು ಕಮ್ಮಿ ಆಗಾಕತ್ತೈತಿ, ನಮ್ಮೂರ ನಳದಂಗ.”

ಮಲ್ಪೆಯಲ್ಲಿ ಕೋಣೆ ಹಿಡಿದು ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ಕೇಸರಿ ಬಣ್ಣದ ಜೀವರಕ್ಷಕ ಅಂಗಿಯ ಪಟ್ಟಿ ನನ್ನ ಹೊಟ್ಟೆಯ ಮೇಲೆ ಕೂಡಲೊಲ್ಲದು. “ಮಣಿಪಾಲಕ್ಕ ಬಂದ ಪೇಶಂಟ್ ಹಿಂಗಿರ್ತಾರೇನು?” ಎಂದು ನಮ್ಮಾಕಿ ಪಟ್ಟಿ ಎಳೆದು ಬಿಗಿದಳು. ದಂಡೆ ಹಿಂದೆ ಸರಿಯಿತು. ಆರೇಳು ಕಿಲೋಮೀಟರ್ ಹೋದ ಮೇಲೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಿಸಿದರು. ಎತ್ತಿನ ಬಂಡಿಯಿಂದ ಇನ್ನೊಂದು ಬಂಡಿಗೆ ಮೂಟೆ ದಾಟಿಸುವ ಹಾಗೆಯೇ, ಇಲ್ಲಿ ಎರಡೂ ಬಂಡಿ ಕುಣಿಯುತ್ತಿರುತ್ತವೆ, ಅಷ್ಟೇ ವ್ಯತ್ಯಾಸ. ಕಡೆಗೂ ನೆಲ ಮುಟ್ಟಿದೆ. ಸುತ್ತ ತಿರುಗಿ ಎಣಿಸಿದೆ. ನಾಲ್ಕೂ ಕಡೆ ನೀರು. ಪಠ್ಯಪುಸ್ತಕ ಸುಳ್ಳು ಹೇಳಿರಲಿಲ್ಲ.

“ವಾಸ್ಕೋ ಡ ಗಾಮ 1498ರಾಗ ಇಲ್ಲಿ ಇಳಿದು ಈ ಹೆಸರಿಟ್ಟ ಅಂತ ಹೇಳ್ತಾರ” ಎಂದೆ.

“ಅವನೂ ಹೆಂಡ್ತಿ ಬಿಟ್ಟು ಬಂದಿದ್ನೇನು?” ಎಂದಳು.

ಈ ದ್ವೀಪದ ಖ್ಯಾತಿ ಅದರ ಕಲ್ಲುಗಳದು. ಯಾರೋ ಅಳತೆ ಹಿಡಿದು ಕಡೆದು ನಿಲ್ಲಿಸಿದಂಥ ಕಂಬಗಳು. ಕೆಲವಕ್ಕೆ ಐದು ಮೂಲೆ, ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಏಳು. ಒಂದಕ್ಕೊಂದು ಒತ್ತಿ ನಿಂತಿವೆ, ಮೇಲಿಂದ ನೋಡಿದರೆ ಜೇನುಹುಟ್ಟು. ನಾನು ಹಿಂದಿನ ರಾತ್ರಿ ಓದಿಕೊಂಡು ಬಂದಿದ್ದೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: ಸುಮಾರು ಎಂಟು ಮುಕ್ಕಾಲು ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು, ಅದು ಬಿಟ್ಟುಹೋಗುವ ಕಾಲಕ್ಕೆ ಭೂಮಿಯೊಳಗಿನ ಲಾವಾ ಉಕ್ಕಿ ಹರಿಯಿತು, ಆಮೇಲೆ…

ಆಕೆ ಕೇಳುತ್ತಿರಲಿಲ್ಲ. ಕುಕ್ಕುರುಗಾಲಿನಲ್ಲಿ ಕೂತು ಎರಡು ಕಂಬಗಳ ನಡುವಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದಳು. “ಬ್ಯಾಸಗ್ಯಾಗ ನಮ್ಮ ಎರಿ ಹೊಲ ಬಿರೀತೈತಲ್ರಿ? ಹಂಗ ಐತಿ ನೋಡ್ರಿ. ಕಾದಿದ್ದು ಆರಿ ಕುಗ್ಗೇತಿ, ಕುಗ್ಗಿದ್ದು ಸೀಳೇತಿ.”

ನಾನು ಸುಮ್ಮನಾದೆ. ಹೊಲ ಬಿರಿಯುವುದು ನೀರಾರಿ, ಲಾವಾ ಬಿರಿದದ್ದು ಕಾವಾರಿ. ಉಳಿದಂತೆ ವಿಜ್ಞಾನ ಹೇಳುವುದು ಅದನ್ನೇ. ಅರ್ಧ ರಾತ್ರಿ ಕೂತು ಓದಿದ್ದನ್ನು ಆಕೆ ಬೆರಳು ಹಾಕಿ ಹೇಳಿಬಿಟ್ಟಿದ್ದಳು. ಚೈತ್ರದ ಬಿಸಿಲಲ್ಲಿ ಎರಿ ನೆಲದ ಬಿರುಕಿಗೆ ಕಾಲು ಸಿಕ್ಕಿಸಿಕೊಂಡು ಓಡಾಡಿದವಳಲ್ಲವೇ.

“ನಮ್ಮ ಹೊಲ ನೋಡಾಕ ದೋಣಿ ತಿಕೀಟು ತಗಸಿದ್ರಿ” ಎಂದಳು.

ಮಾನ ಉಳಿಸಿಕೊಳ್ಳಲು ಇನ್ನೊಂದು ಮಾತು ತೆಗೆದೆ. “ಇದು ಹಳೇ ಕಲ್ಲು ಅಂತ ಮಂದಿ ಬರ್ತಾರ. ನಮ್ಮ ಕಪ್ಪತಗುಡ್ಡದ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೇದು. ಅದರ ಮುಂದ ಇದು ತೊಟ್ಟಿಲ ಕೂಸು.”

“ಹಂಗಾರ ಇಷ್ಟು ದೂರ ಯಾಕ ಬಂದ್ವಿ?”

ಉತ್ತರ ಹೊಳೆಯಲಿಲ್ಲ. ಕಪ್ಪೆಚಿಪ್ಪು ಹಾಸಿದ ದಂಡೆಯಲ್ಲಿ ಚಪ್ಪಲಿ ಬಿಟ್ಟು, ನಾನು ಧೋತರ ಮೇಲೆ ಕಟ್ಟಿ, ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಇಬ್ಬರೂ ಕಾಲು ನೀರಲ್ಲಿಟ್ಟು ಕೂತೆವು. ತೆರೆ ಬರುವುದು, ಹಿಮ್ಮಡಿಯ ಕೆಳಗಿನ ಮರಳು ಕದ್ದು ಹೋಗುವುದು. ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಯಾರೂ ‘ಆರಾಮ್ರಿ?’ ಎಂದು ಕೇಳಲಿಲ್ಲ. ಕೇಳಿದ್ದರೆ ಆಗ ಮಾತ್ರ ಖರೇ ಹೇಳುತ್ತಿದ್ದೆನೇನೋ.

ಫೋನು ರಿಂಗಾಯಿತು. ಊರಿನಿಂದ.

“ಸರ, ಆಪರೇಶನ್ ಆತೇನ್ರಿ?”

“ಇಲ್ಲೋ, ಹಂಗೇನಿಲ್ಲ.”

“ಏನೋ ಭರ್‌ ಭರ್‌ ಸಪ್ಪಳ ಬರಾಕತ್ತೈತಲ್ರಿ, ಮಷೀನ್ ಹಚ್ಯಾರೇನು?”

ಸಮುದ್ರ ನೋಡಿದೆ. “ಹೌದಪಾ. ದೊಡ್ಡ ಮಷೀನು. ಬಂದ್ ಆಗೂದ ಇಲ್ಲ” ಎಂದೆ.

“ದೇವರಿದ್ದಾನ್ರಿ ಸರ” ಎಂದು ಅವನು ಗದ್ಗದಿತನಾಗಿ ಫೋನು ಇಟ್ಟ. ಅಷ್ಟರಲ್ಲಿ ಕಾವಲಿನವರು ಸೀಟಿ ಊದಿದರು. ದೋಣಿ ಹೊರಡುವ ಹೊತ್ತು. ಮೂವತ್ತೆರಡು ವರ್ಷದ ಪಾಠಕ್ಕೆ ಒಂದೂವರೆ ತಾಸಿನ ಪ್ರಾಕ್ಟಿಕಲ್.

ಉಳಿದ ದಿನಗಳಲ್ಲಿ ಒಂದು ಸಂಗತಿ ಮನವರಿಕೆಯಾಯಿತು: ಆರಾಮ ಮಾಡುವುದು ರೂಢಿ ಇಲ್ಲದವರಿಗೆ ಭಾರಿ ಕೆಲಸ. ಎರಡನೆಯ ದಿನ ನಮ್ಮಾಕಿ ಲಾಡ್ಜಿನವರ ಕಸಬರಿಗೆ ಇಸಿದುಕೊಂಡು ಕೋಣೆ ಗುಡಿಸಿದಳು. ಮೂರನೆಯ ದಿನ ನಾನು ಬಂದರಿನಲ್ಲಿ ನಿಂತು ಮೀನಿನ ಬುಟ್ಟಿ ಎಣಿಸಿದೆ, ನನಗೂ ಮೀನಿಗೂ ಜನ್ಮದ ಸಂಬಂಧವಿಲ್ಲ. ಹೋಟೆಲಿನಲ್ಲಿ “ರೊಟ್ಟಿ ಐತೇನ್ರಿ?” ಎಂದರೆ “ನೀರು ದೋಸೆ ಉಂಟು” ಎಂದರು. ಮೆತ್ತಗೆ, ಬೆಳ್ಳಗೆ, ಬಾಯಲ್ಲಿಟ್ಟರೆ ಕರಗುವಂಥದ್ದು. “ಅಗಿಯಾಕ ಏನೂ ಇಲ್ಲಲ್ರಿ, ಹಲ್ಲಿಗೆ ರಜಾ ಕೊಟ್ಟಂಗಾತು” ಎಂದು ನಮ್ಮಾಕಿ ಪರ್ಸಿನಿಂದ ಕೆಂಪು ಖಾರ ತೆಗೆದಳು. ಆರನೆಯ ದಿನ ಡಿಕ್ಕಿಯ ರೊಟ್ಟಿ ಮುಗಿಯಿತು. ಒಂಬತ್ತು ದಿನದ ರಜೆಯೂ ಅವತ್ತೇ ಮುಗಿಯಿತು.

ಊರು ಮುಟ್ಟಿದಾಗ ಕಾರಿನ ಸುತ್ತ ಮಂದಿ. “ಆರಾಮಾತೇನ್ರಿ ಸರ?” “ಆರಾಮ್ರಿ” ಎಂದೆ. “ನೋಡು, ಆರೇ ದಿನದಾಗ ಮುಖ ಹೆಂಗ ತುಂಬಿ ಬಂದೈತಿ!” ಕೈಗಡದವನು ಮಾತ್ರ ಗುಂಪಿನ ಹಿಂದೆ ನಿಂತು, ಅವಸರ ಮಾಡಿದೆ ಎನ್ನುವವನಂತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಿದ್ದ.

ಆಯಿ ಬಂದಳು. “ಮೊಣಕಾಲಿಗೆ ಕೇಳಿದ್ಯಾ?” ನಾನು ತಡವರಿಸಿದೆ. ನಮ್ಮಾಕಿ ಚೀಲ ಇಳಿಸುತ್ತಲೇ, “ನಾವು ಮಾಡಿದ್ದು ಇಷ್ಟಬೇ ಆಯಿ, ಉಪ್ಪುನೀರಾಗ ಕಾಲಿಟ್ಕೊಂಡು ಸುಮ್ಮನ ಕುಂತಿದ್ವಿ. ಮಾತಿಲ್ಲ, ಕತಿಯಿಲ್ಲ” ಎಂದಳು. ಆಯಿ ತಲೆಯಾಡಿಸಿ ಹೋದಳು.

ಮರುದಿನ ಹಾಲಿಗೆ ಹೊರಟಾಗ ನೋಡಿದೆ. ತುದಿಮನೆಯ ಕಟ್ಟೆಯ ಮೇಲೆ ಆಯಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಾಳೆ. ಎರಡೂ ಕಾಲು ಹಸಿರು ಪ್ಲಾಸ್ಟಿಕ್ ಬುಟ್ಟಿಯ ನೀರಲ್ಲಿ. ಪಕ್ಕದಲ್ಲಿ ಉಪ್ಪಿನ ಪ್ಯಾಕೀಟು. ಸೊಸೆ ಒಳಗಿಂದ ಏನೋ ಕೇಳಿದರೆ ಉತ್ತರವಿಲ್ಲ. ನಾಲ್ಕೂ ಕಡೆ ಬೆಳ್ಳಟ್ಟಿ, ನಡುವೆ ಒಂದು ಬುಟ್ಟಿ ನೀರು. ಭೂಗೋಳದ ಪ್ರಕಾರ ಇದು ಸರೋವರ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಆರಾಮೇನಬೇ ಆಯಿ?”

ಆಯಿ ಒಂದೇ ಕಣ್ಣು ತೆರೆದಳು. “ಆಗಿತ್ತು ಮಾಸ್ತರ” ಎಂದಳು, “ನೀ ಕೇಳೂತನ.”